ಕೇಳಿದ ಬೆಲೆ, ಕೊಡುವ ಬೆಲೆ

ಮಾರಾಟಕ್ಕಿರುವ ಮನೆಯೊಂದನ್ನು ನೋಡಿ ಬಂದಿದ್ದೀರಿ. ಮನೆಮಂದಿಗೆಲ್ಲ ಹಿಡಿಸಿದೆ. ಮಾರುವವರು ಒಂದು ಕೋಟಿ ಐದು ಲಕ್ಷ ಎಂದಿದ್ದಾರೆ. ಹಿಂದಿರುಗುವ ದಾರಿಯಲ್ಲೇ ಲೆಕ್ಕ ಶುರುವಾಗುತ್ತದೆ. "ಒಂದೂ ಐದು ಅಂದಿದ್ದಾರೆ, ನಾವು ತೊಂಬತ್ತೈದಕ್ಕೆ ಕೇಳೋಣ, ಕೊನೆಗೆ ಒಂದಕ್ಕೆ ನಿಲ್ಲುತ್ತೆ." ಕೊನೆಗೆ ಒಂದು ಕೋಟಿಗೇ ನಿಂತರೆ, ಐದು ಲಕ್ಷ ಇಳಿಸಿದೆವು ಎಂಬ ಸಮಾಧಾನವೂ ಆಗುತ್ತದೆ. ಆದರೆ ಆ ಮನೆ ನಿಜವಾಗಿ ಬಾಳುವುದು 85 ಲಕ್ಷವಾಗಿದ್ದರೆ? ಐದು ಲಕ್ಷ ಉಳಿಸಿದೆವೆಂದು ಸಿಹಿ ಹಂಚುವ ದಿನವೇ ಹದಿನೈದು ಲಕ್ಷ ಹೆಚ್ಚಿಗೆ ತೆತ್ತಿರುತ್ತೇವೆ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಅವರು ಹೇಳಿದ ಬೆಲೆಯಿಂದ ಕಳೆಯುತ್ತ ಇಳಿಯಬೇಡಿ. ಸೊನ್ನೆಯಿಂದ ಕೂಡಿಸುತ್ತ ಮೇಲೆ ಬನ್ನಿ. ಎಲ್ಲಿಗೆ ಬಂದು ನಿಲ್ಲುತ್ತೀರೋ ಅದು ನಿಮ್ಮ ಬೆಲೆ.

ಮಾರುವವರ ಬೆಲೆ ಎಲ್ಲಿಂದ ಹುಟ್ಟುತ್ತದೆ ಎಂದು ಸ್ವಲ್ಪ ಯೋಚಿಸಿ. ಮುಂದೆ ಅವರು ಕೊಳ್ಳಬೇಕೆಂದಿರುವ ಫ್ಲಾಟಿಗೆ ಅಷ್ಟು ಬೇಕಾಗಿರಬಹುದು. ಬ್ಯಾಂಕಿನ ಸಾಲ ತೀರಿಸಿ ಮಗಳ ಮದುವೆಗೂ ಉಳಿಯಬೇಕು ಎಂದಿರಬಹುದು. ಅಣ್ಣತಮ್ಮಂದಿರು ಮೂವರಿದ್ದು, ತಲೆಗೆ ಮೂವತ್ತೈದು ಬರಲಿ ಎಂದು ಗುಣಿಸಿರಬಹುದು. ಇಲ್ಲವೇ ಪಕ್ಕದ ಬೀದಿಯವರು "ನಮ್ಮದು ಇಷ್ಟಕ್ಕೆ ಹೋಯಿತು" ಎಂದು ಒಂದಿಷ್ಟು ಸೇರಿಸಿಯೇ ಹೇಳಿದ್ದಿರಬಹುದು. ಇವೆಲ್ಲ ಮಾರುವವರ ಸಂಸಾರದ ಸಂಗತಿಗಳು. ಮನೆಯ ಗೋಡೆಗೂ ನೆಲಕ್ಕೂ ಇವುಗಳಿಗೂ ಸಂಬಂಧವಿಲ್ಲ. ಆದರೂ ಆ ಸಂಖ್ಯೆಯನ್ನು ಒಮ್ಮೆ ಕಿವಿಗೆ ಹಾಕಿಕೊಂಡರೆ ಸಾಕು, ಮುಂದಿನ ಚೌಕಾಸಿಯೆಲ್ಲ ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಅದನ್ನು ಬಿಡಿಸಿಕೊಳ್ಳಲು ಒಂದೇ ದಾರಿ, ನಮ್ಮದೇ ಒಂದು ಹಾಳೆ, ನಮ್ಮದೇ ಒಂದು ಲೆಕ್ಕ.

ಲೆಕ್ಕಕ್ಕೆಂದು ಒಂದು ಮನೆ ಇಟ್ಟುಕೊಳ್ಳೋಣ. ಮೈಸೂರಿನ ಒಂದು ಹಳೆಯ ಬಡಾವಣೆ, ಮೂವತ್ತು ನಲವತ್ತರ ಸೈಟು. ಅದರಲ್ಲಿ ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಹನ್ನೆರಡು ಚದರದ ಮನೆ. ಇನ್ನು ನಾನು ಹೇಳುವ ದರಗಳು ಲೆಕ್ಕ ಮಾಡಿ ತೋರಿಸುವುದಕ್ಕೆ ಮಾತ್ರ. ನಿಮ್ಮೂರಿನ ದರವನ್ನು ನೀವು ಹಾಕಿಕೊಳ್ಳಿ.

ಮೊದಲು ನೆಲ. 1,200 ಚದರ ಅಡಿ. ಆ ಬೀದಿಯಲ್ಲಿ ಅಡಿಗೆ 6,000 ರೂಪಾಯಿ ನಡೆಯುತ್ತಿದ್ದರೆ 72 ಲಕ್ಷ. ನಡೆಯುತ್ತಿದ್ದರೆ ಎಂದೆ, ಹೇಳುತ್ತಿದ್ದರೆ ಎನ್ನಲಿಲ್ಲ. ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ. ನಮಗೆ ಬೇಕಾದದ್ದು ಹಣ ಕೈಬದಲಾದ ಬೆಲೆ. ಅದನ್ನು ತಿಳಿಯಲು ಎರಡು ಮೂರು ಬಾಗಿಲು ತಟ್ಟಬೇಕು. ಕಳೆದೊಂದು ವರ್ಷದಲ್ಲಿ ಆ ಬೀದಿಗೆ ಹೊಸದಾಗಿ ಬಂದ ಮನೆಯವರನ್ನು ಕೇಳಿ. ಬಡಾವಣೆಯ ಇಸ್ತ್ರಿ ಅಂಗಡಿಯವರು, ಹಾಲಿನ ಬೂತಿನವರು, ಪ್ಲಂಬರ್, ಇವರಿಗೆ ಯಾವ ಮನೆ ಎಷ್ಟು ತಿಂಗಳು ಮಾರಾಟವಾಗದೆ ಕುಳಿತಿತ್ತು ಎಂಬುದು ಬ್ರೋಕರ್‌ಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆರು ತಿಂಗಳಿಂದ ಗೇಟಿಗೆ ಬೋರ್ಡು ತೂಗುತ್ತಿದೆ ಎಂದರೆ, ಕೇಳಿದ ಬೆಲೆಗೆ ಊರು ಆಗಲೇ ಒಲ್ಲೆ ಎಂದಿದೆ ಎಂದರ್ಥ.

ಇನ್ನೊಂದು ಆಧಾರ ಸರ್ಕಾರದ ಮಾರ್ಗಸೂಚಿ ದರ. ಯಾವ ಬೀದಿಗೆ ಚದರ ಮೀಟರಿಗೆ ಎಷ್ಟು ಎಂಬುದನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೋಡಬಹುದು. ರಾಜ್ಯದಾದ್ಯಂತ ಈ ದರಗಳನ್ನು 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಲಾಯಿತು. ಇದು ಮುದ್ರಾಂಕ ಶುಲ್ಕದ ಲೆಕ್ಕಕ್ಕಾಗಿ ಇಟ್ಟ ಕನಿಷ್ಠ ದರ. ಕ್ರಯಪತ್ರದ ಮೊತ್ತ, ಮಾರ್ಗಸೂಚಿ ಮೌಲ್ಯ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. ಪೇಟೆಯ ದರ ಇದಕ್ಕಿಂತ ಮೇಲಿರುವುದೇ ಹೆಚ್ಚು. ಹಾಗಾಗಿ ಇದನ್ನೇ ಬೆಲೆ ಎಂದುಕೊಳ್ಳಬಾರದು. ಆದರೆ ಮಾರುವವರು ಕೇಳುತ್ತಿರುವುದು ಮಾರ್ಗಸೂಚಿಯ ಎರಡು ಮೂರು ಪಟ್ಟು ಇದ್ದರೆ, ಏಕೆ ಎಂದು ಕೇಳುವ ಹಕ್ಕು ನಮಗೆ ಬರುತ್ತದೆ.

ನೆಲದ ದರವನ್ನು ಅಲ್ಲಲ್ಲಿ ತಿದ್ದಬೇಕಾಗುತ್ತದೆ. ಪೂರ್ವದ ಬಾಗಿಲಿಗೆ ಹೆಚ್ಚು, ದಕ್ಷಿಣದ ಬಾಗಿಲಿಗೆ ಕಡಿಮೆ ಎಂಬುದು ನಮ್ಮ ಕಡೆ ನಡೆದುಬಂದ ರೂಢಿ. ನನಗೆ ವಾಸ್ತುವಿನಲ್ಲಿ ನಂಬಿಕೆಯಿಲ್ಲ ಎನ್ನುವವರು ದಕ್ಷಿಣದ ಮನೆಯನ್ನು ಅಗ್ಗಕ್ಕೆ ಕೊಳ್ಳಬಹುದು. ಮುಂದೊಂದು ದಿನ ನೀವು ಮಾರುವಾಗ ಬರುವವರಿಗೆ ನಂಬಿಕೆ ಇರುತ್ತದೆ ಎಂಬುದು ಮಾತ್ರ ನೆನಪಿರಲಿ. ರಸ್ತೆಯ ಅಗಲ, ಮೂಲೆ ನಿವೇಶನ, ನದಿ ನೀರಿನ ಸಂಪರ್ಕ ಇದೆಯೋ ಬರಿಯ ಕೊಳವೆ ಬಾವಿಯೋ, ಇವೂ ಹೀಗೆಯೇ ಅಡಿಯ ದರವನ್ನು ಏರಿಳಿಸುತ್ತವೆ.

ನೆಲದ ಮೇಲಿನದು ಕಟ್ಟಡ. ನೆಲಕ್ಕೆ ವಯಸ್ಸಾಗುವುದಿಲ್ಲ, ಕಟ್ಟಡಕ್ಕೆ ಆಗುತ್ತದೆ. ಅಂಥದೇ ಮನೆಯನ್ನು ಇಂದು ಹೊಸದಾಗಿ ಕಟ್ಟಿಸಲು ಚದರಕ್ಕೆ 2 ಲಕ್ಷ ಬೀಳುತ್ತದೆಂದು ಇಟ್ಟುಕೊಂಡರೆ ಹನ್ನೆರಡು ಚದರಕ್ಕೆ 24 ಲಕ್ಷ. ಆರ್‌ಸಿಸಿ ಕಟ್ಟಡದ ಆಯುಸ್ಸನ್ನು ಮೌಲ್ಯಮಾಪಕರು ಸಾಮಾನ್ಯವಾಗಿ 60 ವರ್ಷ ಎಂದು ಹಿಡಿಯುತ್ತಾರೆ. ಇಪ್ಪತ್ತು ವರ್ಷ ಕಳೆದಿದೆ, ಮೂರರಲ್ಲಿ ಒಂದು ಪಾಲು ಸವೆದಿದೆ. ಉಳಿದದ್ದು 16 ಲಕ್ಷ. "ನಾನು ಟೀಕ್ ಬಾಗಿಲಿಗೇ ಅಷ್ಟು ಸುರಿದಿದ್ದೇನೆ" ಎಂದು ಮಾಲೀಕರು ಹೇಳುತ್ತಾರೆ. ನಿಜವೇ ಇರಬಹುದು. ಅವರು ಸುರಿದದ್ದು ಅವರ ಇಪ್ಪತ್ತು ವರ್ಷದ ಸುಖಕ್ಕೆ. ಅದರಲ್ಲಿ ಮಿಕ್ಕದ್ದಕ್ಕಷ್ಟೇ ನಾವು ಕೊಡಬೇಕು.

ನೆಲ 72, ಕಟ್ಟಡ 16, ಸೇರಿ 88 ಲಕ್ಷ. ಇದರಲ್ಲಿ ರಿಪೇರಿಯನ್ನು ಕಳೆಯಬೇಕು. ಅದಕ್ಕೆ ಮನೆಯನ್ನು ಎರಡನೇ ಸಲ ನೋಡಬೇಕು, ಸಾಧ್ಯವಾದರೆ ಮಳೆ ಬಂದ ಮರುದಿನ, ಜೊತೆಗೆ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು. ಮೊದಲ ಸಲ ನಾವು ನೋಡುವುದು ಹಜಾರವನ್ನು, ಎರಡನೇ ಸಲ ನೋಡಬೇಕಾದ್ದು ಬಚ್ಚಲಿನ ಹಿಂದಿನ ಗೋಡೆಯನ್ನು. ಆ ಗೋಡೆಯ ಬುಡಕ್ಕೆ, ನೆಲದಿಂದ ಒಂದಡಿ ಎತ್ತರದಲ್ಲಿ ಅಂಗೈ ಒತ್ತಿ. ತಣ್ಣಗೆ ಜವುಗಾಗಿದ್ದರೆ, ಬಣ್ಣ ಪುಡಿಪುಡಿಯಾಗಿ ಕೈಗೆ ಹತ್ತಿದರೆ ಒಳಗಿನ ಪೈಪು ಸೋರುತ್ತಿರಬಹುದು. ಇಡೀ ಮನೆಯಲ್ಲಿ ಒಂದೇ ಕೋಣೆಯ ಸೀಲಿಂಗಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಮೆಟ್ಟಿಲು ಹತ್ತಿ ಮೇಲೆ ಹೋಗಿ. ಆ ಕೋಣೆಯ ನೆತ್ತಿಯ ಮೇಲೆ ನೀರು ನಿಂತ ಪಾಚಿಯ ಗುರುತು ಇದ್ದೀತು. ಸಂಪಿನ ಮುಚ್ಚಳ ತೆಗೆಸಿ, ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಿ. ತಾರಸಿಯ ಸೋರಿಕೆ, ಹಳೆಯ ವೈರಿಂಗ್, ಒಂದು ಬಚ್ಚಲು, ಇಷ್ಟಕ್ಕೆ ಮೇಸ್ತ್ರಿ 3 ಲಕ್ಷ ಎಂದ ಎನ್ನೋಣ. 88ರಲ್ಲಿ 3 ಹೋಗಿ 85 ಲಕ್ಷ. ಮನೆಯ ಬೆಲೆ ಇದು. ಒಂದು ಕೋಟಿ ಐದು ಲಕ್ಷ ಎಂಬ ಸಂಖ್ಯೆ ನಮ್ಮ ಹಾಳೆಯಲ್ಲಿ ಎಲ್ಲಿಯೂ ಬರಲಿಲ್ಲ, ಗಮನಿಸಿದಿರಾ?

ಫ್ಲಾಟಾದರೆ ಲೆಕ್ಕ ಬೇರೆ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ನೆಲದಲ್ಲಿ ನನ್ನ ಅವಿಭಜಿತ ಪಾಲು ಎಷ್ಟು ಅಡಿ ಎಂಬುದು. ಎರಡನೆಯದು, ಕಾರ್ಪೆಟ್ ಏರಿಯಾ ಎಷ್ಟು ಎಂಬುದು. ಸೂಪರ್ ಬಿಲ್ಟ್‌ಅಪ್ 1,200 ಅಡಿ ಎಂದ ಕಡೆ ಒಳಗೆ ಟೇಪು ಹಿಡಿದರೆ 850 ಅಡಿ ಸಿಕ್ಕರೂ ಅಚ್ಚರಿಯಿಲ್ಲ. ಮಿಕ್ಕದ್ದು ಮೆಟ್ಟಿಲು, ಲಿಫ್ಟು, ಓಣಿ. ಎರಡು ಫ್ಲಾಟುಗಳನ್ನು ಹೋಲಿಸುವಾಗ ಕಾರ್ಪೆಟ್ ಅಡಿಯ ದರವನ್ನೇ ಹೋಲಿಸಬೇಕು.

ಇನ್ನು ನಮ್ಮ ಜೇಬಿನ ಲೆಕ್ಕ. 85 ಲಕ್ಷಕ್ಕೆ ಮಾತಾದರೆ 85ರಲ್ಲಿ ಮುಗಿಯುವುದಿಲ್ಲ. ಮುದ್ರಾಂಕ ಶುಲ್ಕ ಶೇ 5, ಅಂದರೆ 4.25 ಲಕ್ಷ. ಆ ಶುಲ್ಕದ ಮೇಲೆ ಸೆಸ್ ಶೇ 10, ನಗರದಲ್ಲಿ ಸರ್‌ಚಾರ್ಜ್ ಶೇ 2, ಎರಡೂ ಸೇರಿ 51 ಸಾವಿರ. ನೋಂದಣಿ ಶುಲ್ಕ ಹಿಂದೆ ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಅದು 1.70 ಲಕ್ಷ. ಒಟ್ಟು 6.46 ಲಕ್ಷ. ಬ್ರೋಕರ್ ಕಮಿಷನ್ ಶೇ 1 ಎಂದರೆ 85 ಸಾವಿರ. ವಕೀಲರ ಶುಲ್ಕ, ಸಾಮಾನು ಸಾಗಿಸುವ ಖರ್ಚು, ಗೃಹಪ್ರವೇಶ ಬೇರೆ.

ಸಾಲ ಎಷ್ಟು ಸಿಗುತ್ತದೆ? 30 ಲಕ್ಷ ಮೀರಿದ, 75 ಲಕ್ಷದವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇ 80ನ್ನು ದಾಟಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮ. ಮೌಲ್ಯ ಎಂದರೆ ಬ್ಯಾಂಕಿನ ಮೌಲ್ಯಮಾಪಕರು ಬರೆದದ್ದು. ಅವರು 80 ಲಕ್ಷ ಎಂದು ಬರೆದರೆ ಸಾಲ 64 ಲಕ್ಷ. ಮಿಕ್ಕ 21 ಲಕ್ಷ, ನೋಂದಣಿಯ ಆರೂವರೆ, ಕಮಿಷನ್, ಇವೆಲ್ಲ ಸೇರಿ ಕೈಯಿಂದ ಹಾಕಬೇಕಾದದ್ದು 28 ಲಕ್ಷ ದಾಟುತ್ತದೆ.

ಇಲ್ಲಿ ಅನೇಕರು ಗಮನಿಸದ ಸಂಗತಿಯೊಂದಿದೆ. ಮಾತಿನ ಭರದಲ್ಲಿ "ಆಯ್ತು, ಇನ್ನೊಂದು ಲಕ್ಷ ಸೇರಿಸಿಕೊಳ್ಳಿ" ಎನ್ನುತ್ತೇವಲ್ಲ, ಆ ಒಂದು ಲಕ್ಷಕ್ಕೆ ಬ್ಯಾಂಕು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಅದರ ಮೌಲ್ಯಮಾಪನ 80ಕ್ಕೇ ನಿಂತಿದೆ. ಆ ಲಕ್ಷ ಪೂರ್ತಿ ನಮ್ಮ ಉಳಿತಾಯದಿಂದ ಹೋಗುತ್ತದೆ, ಅದರ ಮೇಲೆ ಶುಲ್ಕದ 7,600 ರೂಪಾಯಿಯೂ ಹೋಗುತ್ತದೆ. ಕೋಟಿಯ ಮಾತಿನ ನಡುವೆ ಲಕ್ಷ ಚಿಲ್ಲರೆಯಂತೆ ಕೇಳಿಸುತ್ತದೆ. ಅದೇ ಲಕ್ಷವನ್ನು ಸಂಬಳದಲ್ಲಿ ಉಳಿಸಲು ಎಷ್ಟು ತಿಂಗಳು ಬೇಕು ಎಂದು ಕೇಳಿಕೊಂಡರೆ ಅದರ ನಿಜವಾದ ತೂಕ ತಿಳಿಯುತ್ತದೆ.

ಬಾಡಿಗೆಯನ್ನೂ ಒಮ್ಮೆ ಲೆಕ್ಕ ಹಾಕಿ. 64 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷದ ಕಂತು ತಿಂಗಳಿಗೆ 55,500 ರೂಪಾಯಿಯ ಆಸುಪಾಸು. ಅಂಥದೇ ಮನೆ ಪಕ್ಕದ ಬೀದಿಯಲ್ಲಿ 18 ಸಾವಿರ ಬಾಡಿಗೆಗೆ ಸಿಗುವಂತಿದ್ದರೆ, ನಡುವಿನ ಅಂತರವನ್ನು ಯಾವುದಕ್ಕೆ ಕೊಡುತ್ತಿದ್ದೇವೆಂದು ಮನೆಯವರೆಲ್ಲ ಕುಳಿತು ಒಪ್ಪಿಕೊಳ್ಳಬೇಕು. ನೆಲದ ಬೆಲೆ ಏರುತ್ತದೆಂಬ ನಿರೀಕ್ಷೆಗೆ ಒಂದು ಪಾಲು, ಯಾರೂ ಖಾಲಿ ಮಾಡಿ ಎನ್ನಲಾರರೆಂಬ ನೆಮ್ಮದಿಗೆ ಒಂದು ಪಾಲು. ಎರಡೂ ನ್ಯಾಯವಾದ ಕಾರಣಗಳೇ. ಆದರೆ ಕಾರಣ ಗೊತ್ತಿದ್ದು ಕೊಡಬೇಕು.

ಈಗ ಕಾಗದಪತ್ರ. ಮನೆಯ ದೋಷಗಳಲ್ಲಿ ಎರಡು ಜಾತಿ. ಸೋರುವ ತಾರಸಿ, ಕಿರಿದಾದ ರಸ್ತೆ, ದಕ್ಷಿಣದ ಬಾಗಿಲು, ಇವುಗಳನ್ನು ರೂಪಾಯಿಗೆ ಪರಿವರ್ತಿಸಿ ಬೆಲೆಯಲ್ಲಿ ಕಳೆಯಬಹುದು. ಇನ್ನೊಂದು ಜಾತಿಯ ದೋಷಕ್ಕೆ ಬೆಲೆಯೇ ಇಲ್ಲ. "ಅಕ್ಕನ ಸಹಿ ಒಂದು ಬಾಕಿ ಇದೆ ಸಾರ್, ಆಮೇಲೆ ಹಾಕಿಸಿಕೊಡ್ತೀವಿ, ಅದಕ್ಕೇ ಹತ್ತು ಲಕ್ಷ ಬಿಟ್ಟಿದ್ದೀವಿ" ಎಂದರೆ ಆ ಹತ್ತು ಲಕ್ಷವನ್ನು ಲಾಭ ಎಂದುಕೊಳ್ಳಬಾರದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ ತಿದ್ದುಪಡಿ ದೇಶಕ್ಕೆಲ್ಲ ಅದನ್ನು ಇನ್ನಷ್ಟು ವಿಸ್ತಾರವಾಗಿ ತಂದಿತು. ಹುಟ್ಟಿನಿಂದಲೇ ಬರುವ ಹಕ್ಕು ಅದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಬಾಕಿ ಉಳಿದ ಒಂದು ಸಹಿ ನಾಳೆ ನ್ಯಾಯಾಲಯದಲ್ಲಿ ದಾವೆಯಾಗಿ ಎದ್ದು ನಿಲ್ಲಬಲ್ಲದು. ರಾಜಕಾಲುವೆಗೆ ಒತ್ತಿ ಕಟ್ಟಿದ ಮನೆ, ನಕ್ಷೆಯಲ್ಲಿ ರಸ್ತೆ ಅಗಲೀಕರಣಕ್ಕೆ ಗುರುತಾದ ಜಾಗ, ಇವೂ ಇದೇ ಜಾತಿ. ಬೆಂಗಳೂರಿನ 'ಬಿ' ಖಾತಾ ಮನೆಗಳ ಬೆಲೆ ಕಡಿಮೆ ಇರುವುದಕ್ಕೂ ಬ್ಯಾಂಕುಗಳು ಅವುಗಳಿಗೆ ಸಾಲ ಕೊಡಲು ಹಿಂಜರಿಯುವುದಕ್ಕೂ ಮೂಲ ಒಂದೇ, ಕಾಗದಪತ್ರದ ಕೊರತೆ.

ಆದ್ದರಿಂದ ಬೆಲೆ ಹೇಳುವ ಮೊದಲೇ ಮೂಲ ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಇ-ಖಾತಾ, ತೆರಿಗೆ ರಸೀದಿ, ಮಂಜೂರಾದ ನಕ್ಷೆ, ವಂಶವೃಕ್ಷ, ಇವುಗಳ ಪ್ರತಿ ಕೇಳಿ ಪಡೆದು ವಕೀಲರ ಕೈಗೆ ಕೊಡಬೇಕು. ಪ್ರತಿ ಕೊಡಲು ಹಿಂದೆಮುಂದೆ ನೋಡಿದರೆ, ಬೆಲೆಯ ಮಾತೇ ಬೇಡ.

ಕಪ್ಪು ಬಿಳುಪಿನ ಮಾತೂ ಬರುತ್ತದೆ. "ಅರವತ್ತಕ್ಕೆ ರಿಜಿಸ್ಟ್ರಿ ಮಾಡಿಸೋಣ, ಮಿಕ್ಕದ್ದು ಕ್ಯಾಶ್ ಕೊಡಿ." ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದವರಿಗೆ ಪಡೆದಷ್ಟೇ ದಂಡ ಬೀಳಬಹುದು. ಕೊಳ್ಳುವವರಿಗೂ ಇದರಲ್ಲಿ ಉಳಿಯುವುದೇನಿಲ್ಲ. ಕಾಗದದ ಬೆಲೆ ಇಳಿದರೆ ಸಾಲ ಇಳಿಯುತ್ತದೆ. ಮುಂದೆ ಮಾರುವಾಗ ಕೊಂಡ ಬೆಲೆ ಕಡಿಮೆಯೆಂದು ತೋರಿ, ಲಾಭ ಹೆಚ್ಚೆಂದು ನಮ್ಮ ತೆರಿಗೆ ಏರುತ್ತದೆ. ಇನ್ನೊಂದು ಮಾತು, 50 ಲಕ್ಷ ಹಾಗೂ ಮೇಲ್ಪಟ್ಟ ವ್ಯವಹಾರದಲ್ಲಿ ಮಾರುವವರಿಗೆ ಕೊಡುವ ಹಣದಿಂದ ಶೇ 1 ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು. ಮಾರುವವರು ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ನೆಲೆಸಿದ ಅನಿವಾಸಿಗಳಾದರೆ ಹಿಡಿಯಬೇಕಾದ ತೆರಿಗೆ ಇದಕ್ಕಿಂತ ಬಹಳ ಹೆಚ್ಚು. ತಂದೆತಾಯಿ ತೀರಿಕೊಂಡ ಮೇಲೆ ಜಯನಗರದ ಮನೆಯನ್ನೋ ಸರಸ್ವತಿಪುರಂ ಮನೆಯನ್ನೋ ಮಾರಲು ಬರುವ ಮಕ್ಕಳೊಂದಿಗೆ ಮಾತಾಡುವಾಗ ಈ ವಿಷಯವನ್ನು ಮೊದಲೇ ಲೆಕ್ಕಪರಿಶೋಧಕರ ಬಳಿ ಕೇಳಿಕೊಳ್ಳಬೇಕು.

ಹಾಳೆ ಸಿದ್ಧವಾಯಿತು. ಅದರ ಕೆಳಗೆ ಎರಡು ಸಂಖ್ಯೆ ಬರೆಯಿರಿ. ಒಂದು, ಎದ್ದು ಬರುವ ಬೆಲೆ, ಅಂದರೆ ಅದನ್ನು ಮೀರಿದರೆ ಮಾತು ನಿಲ್ಲಿಸಿ ಎದ್ದು ಬರುವುದು. ಮನೆಯ ಬೆಲೆ 85 ಎಂದಾಯಿತು. ಮಗಳ ಶಾಲೆ ನಡೆದು ಹೋಗುವಷ್ಟು ಹತ್ತಿರ, ಅಪ್ಪ ಅಮ್ಮನ ಮನೆ ಪಕ್ಕದ ರಸ್ತೆ, ಈ ಅನುಕೂಲಗಳಿಗೆ ಎರಡು ಲಕ್ಷ ಹೆಚ್ಚು ಕೊಡಬಹುದು ಎನಿಸಿದರೆ 87 ಎಂದು ಬರೆಯಿರಿ. ಆ ಎರಡು ಲಕ್ಷ ನಿಮ್ಮ ಅನುಕೂಲದ ಬೆಲೆ, ಮಾರುವಾಗ ಮುಂದಿನವರು ಅದನ್ನು ಕೊಡಲಾರರು. ಎರಡನೆಯದು ಮೊದಲು ಹೇಳುವ ಬೆಲೆ. ಅದು ಎಷ್ಟು ಕಡಿಮೆಯಾದರೂ ಇರಲಿ, ಏಕೆ ಎಂದು ಕೇಳಿದರೆ ಕಾರಣ ಕೊಡುವಂತಿರಬೇಕು. ಅರವತ್ತು ಎಂದರೆ ಮಾಲೀಕರು ಅವಮಾನವಾಯಿತೆಂದು ಎದ್ದು ಒಳಗೆ ಹೋಗುತ್ತಾರೆ. "ಈ ಬೀದಿಯಲ್ಲಿ ಕೊನೆಯ ಸೈಟು ಇಷ್ಟಕ್ಕೆ ಹೋಗಿದೆ, ಕಟ್ಟಡಕ್ಕೆ ಇಷ್ಟು ವರ್ಷವಾಗಿದೆ, ತಾರಸಿಯ ಕೆಲಸ ಇಷ್ಟಿದೆ, ನಾವು ಎಪ್ಪತ್ತೊಂಬತ್ತು ಕೊಡಬಲ್ಲೆವು" ಎಂದರೆ, ಒಪ್ಪದಿದ್ದರೂ ಕೂತು ಕೇಳುತ್ತಾರೆ. ಅಲ್ಲಿಂದ ಏರುವುದಾದರೆ ಹೆಜ್ಜೆ ಕಿರಿದಾಗುತ್ತ ಹೋಗಲಿ. 79, 82, ಆಮೇಲೆ 84, ಆಮೇಲೆ 85. ಪ್ರತಿ ಸಲವೂ ಮೂರು ಮೂರು ಲಕ್ಷ ಏರಿಸುವವರ ಬಳಿ ಇನ್ನೂ ಇದೆ ಎಂದು ಎದುರಿನವರು ತಿಳಿಯುತ್ತಾರೆ.

ಬೆಲೆಯ ಜೊತೆಗೆ ಕೊಡಬಹುದಾದದ್ದು ಇನ್ನೂ ಇದೆ. ಅವರ ಹೊಸ ಮನೆ ಮುಗಿಯಲು ಮೂರು ತಿಂಗಳು ಬೇಕಿದ್ದರೆ ಅಷ್ಟು ದಿನ ಇಲ್ಲೇ ಇರಲು ಬಿಡಬಹುದು. ಸಾಲ ಮೊದಲೇ ಮಂಜೂರಾಗಿದ್ದರೆ ಆ ಪತ್ರ ತೋರಿಸಬಹುದು. ಎರಡು ಲಕ್ಷ ಹೆಚ್ಚಿಗೆ ಹೇಳಿ ಆರು ತಿಂಗಳು ಅಲೆಸುವವರಿಗಿಂತ, ಹೇಳಿದ ದಿನ ಉಪನೋಂದಣಾಧಿಕಾರಿ ಕಚೇರಿಗೆ ಬರುವವರಿಗೆ ಮಾರುವುದೇ ಲೇಸು ಎನ್ನುವ ಮಾಲೀಕರು ಬಹಳ ಮಂದಿ ಇದ್ದಾರೆ. ಕಾಲವನ್ನೂ ನೋಡಿಕೊಳ್ಳಿ. ಆಷಾಢದಲ್ಲಿ ಕೊಳ್ಳುವವರು ವಿರಳ, ಮಾರುವವರು ಮಾತಿಗೆ ಸಿಗುತ್ತಾರೆ. ಆಷಾಢದಲ್ಲಿ ಮಾತು ಮುಗಿಸಿ ಶ್ರಾವಣದಲ್ಲಿ ಬರೆಸಿಕೊಂಡರೆ ಹಿರಿಯರಿಗೂ ತೃಪ್ತಿ, ಜೇಬಿಗೂ ಹಗುರ.

ನಡುವೆ ಬ್ರೋಕರ್ ಇರುತ್ತಾರೆ. "ನಾಳೆ ಬೆಳಿಗ್ಗೆ ಇನ್ನೊಂದು ಪಾರ್ಟಿ ಟೋಕನ್ ಹಿಡ್ಕೊಂಡು ಬರ್ತಿದೆ ಸಾರ್" ಎನ್ನುತ್ತಾರೆ. ಆ ಪಾರ್ಟಿ ಇರಲೂಬಹುದು. ಒಂದು ಲಕ್ಷ ಹೆಚ್ಚು ಕಡಿಮೆಯಾದರೆ ಶೇ 1ರ ಕಮಿಷನ್ನಿನಲ್ಲಿ ಅವರಿಗೆ ಆಗುವ ವ್ಯತ್ಯಾಸ ಒಂದು ಸಾವಿರ. ವ್ಯವಹಾರ ಮುರಿದರೆ ಅವರಿಗೆ ಪೂರ್ತಿ 85 ಸಾವಿರ ಹೋಯಿತು. ಹಾಗಾಗಿ ಅವರ ಅವಸರವೆಲ್ಲ ಮಾತು ಬೇಗ ಮುಗಿಯಲಿ ಎಂಬುದಕ್ಕೆ. ಅವರು ಕೆಟ್ಟವರೆಂದಲ್ಲ, ಅವರ ಹಾಳೆಯ ಲೆಕ್ಕ ಬೇರೆ. ನಾಳೆ ಬರುವ ಪಾರ್ಟಿ 90 ಕೊಟ್ಟರೆ ಮನೆ ಅವರದಾಗಲಿ. ನಮ್ಮ ಹಾಳೆಯಲ್ಲಿ 87 ಇದೆ. ಯಾರೋ ಮೂರನೆಯವರು ಬಂದರೆಂದು ತಾರಸಿ ಸೋರುವುದು ನಿಲ್ಲುವುದಿಲ್ಲ.

ಒಪ್ಪಿಗೆಯಾದರೆ ಟೋಕನ್ ಚಿಕ್ಕದಾಗಿರಲಿ, ಬ್ಯಾಂಕಿನ ಮೂಲಕವೇ ಹೋಗಲಿ. ಹಕ್ಕುಪತ್ರದಲ್ಲಿ ತೊಡಕು ಕಂಡರೆ ಅಥವಾ ಸಾಲ ಮಂಜೂರಾಗದಿದ್ದರೆ ಮುಂಗಡ ಇಷ್ಟು ದಿನದೊಳಗೆ ವಾಪಸು ಎಂಬ ಸಾಲು ಕರಾರಿನಲ್ಲಿ ಇರಲೇಬೇಕು. ಒಪ್ಪಿಗೆಯಾಗದಿದ್ದರೆ ಮುನಿಸು ಬೇಡ. "ನಮ್ಮ ಮಾತು ಈ ತಿಂಗಳ ಕೊನೆಯವರೆಗೆ ಹಾಗೇ ಇರುತ್ತದೆ, ಯೋಚಿಸಿ ಫೋನ್ ಮಾಡಿ" ಎಂದು ನಂಬರು ಕೊಟ್ಟು ಬನ್ನಿ. ನಾಳೆಯ ಪಾರ್ಟಿ ಬರಲಿಲ್ಲವೆಂದರೆ ಫೋನು ಬರುವುದುಂಟು.

ಕೊನೆಗೆ ಒಂದು ಎಚ್ಚರ. ಕೆಲವೊಮ್ಮೆ ನೀವು ಹೇಳಿದ ಮೊದಲ ಬೆಲೆಗೇ ಅವರು "ಆಯ್ತು" ಎಂದುಬಿಡುತ್ತಾರೆ. ಆಗ ಅಯ್ಯೋ, ಇನ್ನೂ ಕಡಿಮೆಗೆ ಕೇಳಬಹುದಿತ್ತು ಎಂಬ ಸಂಕಟ ಶುರುವಾಗುತ್ತದೆ. ಕಳೆಯುವ ಲೆಕ್ಕ ಹಾಕಿದವರಿಗೆ ಈ ಸಂಕಟ ತಪ್ಪಿದ್ದಲ್ಲ. ಅವರು ಇಳಿದದ್ದನ್ನಷ್ಟೇ ಎಣಿಸಿದವರು, ಇನ್ನೆಷ್ಟು ಇಳಿಯುತ್ತಿತ್ತೋ ಅವರಿಗೆ ತಿಳಿಯುವ ಬಗೆಯೇ ಇಲ್ಲ. ಕೂಡಿಸುವ ಲೆಕ್ಕ ಹಾಕಿದವರು ಅಷ್ಟು ಬೇಗ ಒಪ್ಪಿದ್ದೇಕೆಂದು ಕಾಗದಪತ್ರವನ್ನು ಇನ್ನೊಮ್ಮೆ ವಕೀಲರಿಗೆ ತೋರಿಸುತ್ತಾರೆ. ಅಲ್ಲಿ ಎಲ್ಲ ಸರಿಯಿದ್ದರೆ, ಎಪ್ಪತ್ತೊಂಬತ್ತಕ್ಕೆ ಎಂಬತ್ತೈದರ ಮನೆ ಸಿಕ್ಕಿತೆಂದು ನಿಶ್ಚಿಂತೆಯಿಂದ ಸಹಿ ಹಾಕುತ್ತಾರೆ.